ಪರಿವಿಡಿಯಿಲ್ಲದ ಡಿಸ್ಕು

ನನ್ನ ಮೇಜಿನ ಡ್ರಾಯರಿನಲ್ಲಿ ಬಿಸ್ಕತ್ತಿನಷ್ಟು ಅಗಲದ ಒಂದು ಚೌಕ ಡಿಸ್ಕು ಹದಿನೆಂಟು ವರ್ಷ ಬಿದ್ದುಕೊಂಡಿತ್ತು. ಅದರಲ್ಲಿ ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ಅದು ನನ್ನ ಬಳಿಯೇ ಇದೆಯೆಂದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಈ ಎರಡು ಮಾತುಗಳ ನಡುವೆ ನನ್ನದೊಂದು ಸುಳ್ಳಿದೆ. ಅದನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ; ಹೇಗೂ ಹೇಳಬೇಕಾದವರ ಮುಂದೆ ಹೇಳಿ ಆಗಿದೆ.

ನಾನು ಗಲ್ಫಿನಲ್ಲಿ, ಮೀನಾ ಅಬ್ದುಲ್ಲಾ ಎಂಬ ಊರಿನ ಒಂದು ಗುತ್ತಿಗೆ ಕಂಪನಿಯಲ್ಲಿ ಸ್ಟೋರ್ ಕೀಪರ್. ಯಾವ ಬೋಲ್ಟು ಯಾವ ಕಪಾಟಿನ ಯಾವ ಡಬ್ಬಿಯಲ್ಲಿದೆ ಎಂದು ರಿಜಿಸ್ಟರಿನಲ್ಲಿ ಬರೆದಿಡುವುದು ನನ್ನ ಹೊಟ್ಟೆಪಾಡು. ಇಂಥ ಮನುಷ್ಯನಿಗೆ ಹಾಡು, ಮಾತು ತುಂಬಿಸಿಕೊಳ್ಳುವ ಆ ಚೌಕ ಮಿನಿಡಿಸ್ಕಿನ ಮೇಲೆ ಮೋಹ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಕ್ಯಾಸೆಟ್ಟಿನ ಹಾಗೆ ಅದರ ರೀಲು ಸುತ್ತಿಕೊಳ್ಳುವುದಿಲ್ಲ, ಸೀಡಿಯ ಹಾಗೆ ಮೈಗೆ ಗೀರು ಬೀಳುವುದಿಲ್ಲ. ತನ್ನದೇ ಪುಟ್ಟ ಪೆಟ್ಟಿಗೆಯೊಳಗೆ ಕೂತು, ಪ್ರತಿ ಹಾಡಿಗೂ ಹೆಸರು ಬರೆಸಿಕೊಳ್ಳುತ್ತದೆ. ಬೇಡದ್ದನ್ನು ಅಳಿಸಬಹುದು, ಮೂರನೆಯ ಹಾಡನ್ನು ಏಳನೆಯದಾಗಿಸಬಹುದು. ಲೋಕವೆಲ್ಲ ಬೆರಳುದ್ದದ ಮೆಮರಿ ಪ್ಲೇಯರುಗಳತ್ತ ಹೊರಟುಹೋದ ಮೇಲೂ ನಾನು ಆ ಡಿಸ್ಕುಗಳಿಗೆ ನಿಷ್ಠನಾಗಿಯೇ ಇದ್ದೆ. ನಿಷ್ಠೆ ಎಂಬುದು ನಾನಿಟ್ಟ ಹೆಸರು. ನನ್ನ ಹೆಂಡತಿ ಅದಕ್ಕೆ ಹಟ ಎನ್ನುತ್ತಿದ್ದಳು.

ನನಗೆ ತಕ್ಕ ಪ್ರತಿಪಕ್ಷ ವಾಸಣ್ಣ. ಸಾಲ್ಮಿಯಾದ ಹೋಟೆಲೊಂದರ ಅಡುಗೆಮನೆಯ ಮೇಲ್ವಿಚಾರಕ, ಕಾಪುವಿನ ಕಡೆಯವನು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಆ ಕಾಲಕ್ಕೆ ಅಂಗಡಿಗೆ ಹೊಸದಾಗಿ ಬಂದಿದ್ದ, ಕೈಯಲ್ಲಿ ಹಿಡಿದು ಆಡುವ ಗೇಮಿನ ಯಂತ್ರವೊಂದನ್ನು ಅವನು ಕೊಂಡಿದ್ದ. ಅದಕ್ಕೂ ಪ್ಲಾಸ್ಟಿಕ್ ಕವಚದೊಳಗಿನ ಒಂದು ಪುಟ್ಟ ಡಿಸ್ಕು. ಗೇಮೂ ಅದರಲ್ಲೇ, ಸಿನಿಮಾವೂ ಅದರಲ್ಲೇ. ನಲವತ್ತು ದಾಟಿದ ಮನುಷ್ಯ ಬಸ್ಸಿನಲ್ಲಿ ಕೂತು ಕಾರು ಓಡಿಸುತ್ತ ತಿರುವು ಬಂದಾಗಲೆಲ್ಲ ಪಕ್ಕದವನ ಮೇಲೆ ವಾಲುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಪಕ್ಕದವನು ನಾನೇ ಆಗಿರುತ್ತಿದ್ದೆ.

“ನಿನ್ನ ಡಿಸ್ಕ್ ಕುರುಡು ಮಾರಾಯ. ನನ್ನದಕ್ಕೆ ಕಣ್ಣುಂಟು,” ಎನ್ನುತ್ತಿದ್ದ ಅವನು.

“ನಿನ್ನದಕ್ಕೆ ಬರೆಯಲಿಕ್ಕೆ ಬರ್ತದಾ? ಕಂಪನಿಯವರು ಕೊಟ್ಟದ್ದನ್ನು ತೋರಿಸುವುದೊಂದೇ. ನನ್ನದು ನೀನು ಹೇಳಿದ್ದನ್ನು ಕೇಳಿ ಇಟ್ಟುಕೊಳ್ತದೆ,” ಎನ್ನುತ್ತಿದ್ದೆ ನಾನು.

ನಾವು ಆಡಿದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡರಲ್ಲಿ ಯಾವುದು ಮೊದಲು ಸಾಯುತ್ತದೆಂದು ನಮ್ಮ ವಾದ. ಎರಡೂ ಸತ್ತವು. ಅವನ ಡಿಸ್ಕುಗಳ ಕವಚ ಒಂದೊಂದಾಗಿ ಬಾಯಿ ಬಿಟ್ಟಿತು, ನನ್ನ ಯಂತ್ರದ ಬ್ಯಾಟರಿ ಸಿಗದಂತಾಯಿತು. ಮನುಷ್ಯರು ವಾದಿಸುವ ಹುರುಪಿಗೂ ವಾದದ ವಸ್ತುವಿನ ಆಯುಸ್ಸಿಗೂ ಸಂಬಂಧವೇ ಇರುವುದಿಲ್ಲ.

ಸುಳ್ಳು ಹುಟ್ಟಿದ್ದು ಆ ಜಗಳದ ಕಾವಿನಲ್ಲಿ. ನಮ್ಮೂರ ಕಡೆಯವರು ಸೇರಿ ಆ ವರ್ಷ ಒಂದು ತುಳು ನಾಟಕ ಆಡಿದ್ದೆವು. ವಾಸಣ್ಣ ಅದರಲ್ಲಿ ಮದುವೆ ದಲ್ಲಾಳಿ. ನಾಟಕಕ್ಕೆ ಕಥೆಯೊಂದಿತ್ತು, ಬರೆದ ಮಾತಿರಲಿಲ್ಲ. ವಾಸಣ್ಣ ರಂಗಕ್ಕೆ ಬಂದು ಬಾಯಿ ತೆರೆದರೆ ಅದೇ ಮಾತು. ಒಮ್ಮೆ ಆಡಿದ್ದು ಇನ್ನೊಮ್ಮೆ ಬರುವಂಥದ್ದಲ್ಲ. “ಎಲ್ಲ ನನ್ನ ಡಿಸ್ಕಿನಲ್ಲಿ ಹಿಡಿದಿಡುತ್ತೇನೆ, ನೋಡ್ತಿರು,” ಎಂದು ಸವಾಲು ಹಾಕಿ ಅಂಗಿಯ ಜೇಬಿನಲ್ಲಿ ಯಂತ್ರ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತೆ.

ನಾಟಕ ಮುಗಿಯಿತು. ಜನ ಎದ್ದು ಚಪ್ಪಾಳೆ ತಟ್ಟಿದರು. ಯಂತ್ರದಲ್ಲಿ ಬ್ಯಾಟರಿ ಮುಗಿಯುವ ಗುರುತು ಮಿನುಗುತ್ತಿತ್ತು. ಇದ್ದಷ್ಟನ್ನು ಉಳಿಸಿಕೊಳ್ಳೋಣವೆಂದು ನಾನು ನಿಲ್ಲಿಸುವ ಗುಂಡಿ ಒತ್ತುವ ಬದಲು ಬ್ಯಾಟರಿಯನ್ನೇ ಕಿತ್ತುಬಿಟ್ಟೆ. ಮನೆಗೆ ಬಂದು ಹೊಸ ಬ್ಯಾಟರಿ ಹಾಕಿದರೆ ಪರದೆಯ ಮೇಲೆ ಎರಡೇ ಶಬ್ದ: ಖಾಲಿ ಡಿಸ್ಕು.

ಎರಡು ದಿನ ಬಿಟ್ಟು ವಾಸಣ್ಣ ಕೇಳಿದ. ಬಸ್ಸಿನಲ್ಲಿ ಇನ್ನೂ ನಾಲ್ಕು ಜನರಿದ್ದರು. “ತಪ್ಪಿಹೋಯಿತು” ಎಂದರೆ ಮುಗಿಯುತ್ತಿತ್ತು. ಆದರೆ ಅವನ ಕೈಯಲ್ಲಿ ಆ ಗೇಮಿನ ಯಂತ್ರವಿತ್ತು, ಅದರ ಪರದೆ ಹೊಳೆಯುತ್ತಿತ್ತು. “ಸಿರಿಲ್ ಪೊರ್ಬುಲು ಕೇಳಿ ತಕ್ಕೊಂಡು ಹೋದ್ರು,” ಎಂದೆ.

ಪೊರ್ಬುಲು ಎಂದು ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಗೌರವದಿಂದ ಕರೆಯುತ್ತಾರೆ. ಶಿರ್ವದ ಸಿರಿಲ್, ಆಸ್ಪತ್ರೆಯೊಂದರ ಕಚೇರಿಯಲ್ಲಿದ್ದವರು, ನಮ್ಮ ನಾಟಕಕ್ಕೆ ಕೀಬೋರ್ಡ್ ನುಡಿಸಿದವರು. ಅವರು ಹಿಂದಿನ ದಿನವಷ್ಟೇ ಕೆಲಸ ಬಿಟ್ಟು ಊರಿಗೆ ವಿಮಾನ ಹತ್ತಿದ್ದರು. ಸುಳ್ಳು ಹೇಳುವವನಿಗೆ ಊರಿಗೆ ಹೋದವರಷ್ಟು ಅನುಕೂಲದವರು ಯಾರೂ ಇಲ್ಲ. ವಾಸಣ್ಣ, “ಕೊಡ್ತಾರೆ ಬಿಡು, ಒಳ್ಳೆ ಜನ,” ಎಂದ. ಆಮೇಲೆ ನಾನೂ ಮರೆತೆ. ಮರೆತೆ ಎನ್ನುವುದು ಪೂರ್ತಿ ನಿಜವಲ್ಲ. ಮರೆತಿದ್ದರೆ ಡಿಸ್ಕನ್ನು ಎಸೆದಿರುತ್ತಿದ್ದೆ.

ಈ ವರ್ಷ ನಮ್ಮವರು ಮತ್ತೆ ಅದೇ ನಾಟಕ ಆಡೋಣವೆಂದರು. ವಾಸಣ್ಣನಿಗೆ ತನ್ನ ಒಂದು ಮಾತೂ ನೆನಪಿಲ್ಲ. ಅದೇ ಸಮಯಕ್ಕೆ ಸಿರಿಲ್ ಪೊರ್ಬುಲು ಇಲ್ಲಿ ನರ್ಸ್ ಆಗಿರುವ ಮಗಳ ಮನೆಗೆ ಎರಡು ತಿಂಗಳ ವಿಸಿಟ್ ವೀಸಾದ ಮೇಲೆ ಬಂದರು. ಮಂಗಾಫ್‌ನ ಆ ಮನೆಯಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ನಮಗೆ ಊಟ. ಸಣ್ಣಕ್ಕಿಯ ಅನ್ನ, ಮೀನಿನ ಗಸಿ. ನಾನು ಎರಡನೆಯ ತುತ್ತು ಎತ್ತುವಾಗ ವಾಸಣ್ಣ ಕೇಳಿಯೇಬಿಟ್ಟ.

“ಪೊರ್ಬುಲೇ, ಬೇಜಾರು ಮಾಡ್ಬೇಡಿ. ನಮ್ಮ ನಾಟಕದ ಡಿಸ್ಕ್ ನಿಮ್ಮ ಹತ್ರ ಉಂಟಲ್ಲ, ಸಿಗಬಹುದಾ?”

ಸಿರಿಲ್ ನನ್ನ ಮುಖ ನೋಡಿದರು. ನಾನು ತಟ್ಟೆ ನೋಡಿದೆ.

“ನನ್ನ ಹತ್ರವಾ?” ಎಂದರು. ಆಮೇಲೆ, “ಇರಬಹುದು. ಲೀನಾನಿಗೆ ಹುಡುಕ್ಲಿಕ್ಕೆ ಹೇಳ್ತೇನೆ,” ಎಂದರು.

ಅವರು ಇಲ್ಲವೆಂದು ಜಗಳ ಆಡಿದ್ದರೆ ನಾನು ಇನ್ನೊಂದು ಸುಳ್ಳು ಹೊಲಿದು ಬಚಾವಾಗುತ್ತಿದ್ದೆನೋ ಏನೋ. ಅವರು ನಂಬಿಬಿಟ್ಟರು. ಶಿರ್ವದಲ್ಲಿ ಅವರ ಹೆಂಡತಿ ಲೀನಾಬಾಯಿ ಅಟ್ಟದ ಪೆಟ್ಟಿಗೆಗಳನ್ನೆಲ್ಲ ಇಳಿಸಿದರು. ಸಿರಿಲ್ ದಿನವೂ ನನಗೆ ಫೋನ್ ಮಾಡಿ ವರದಿ ಕೊಡುತ್ತಿದ್ದರು: ಹಳೆಯ ಕೀಬೋರ್ಡಿನ ಚೀಲ ನೋಡಿದಳಂತೆ, ಮಕ್ಕಳ ಶಾಲೆಯ ಪುಸ್ತಕಗಳ ಪೆಟ್ಟಿಗೆ ನೋಡಿದಳಂತೆ, ನಾಳೆ ಕಪಾಟಿನ ಹಿಂದೆ ನೋಡುತ್ತಾಳಂತೆ. ಮೂರು ಸಾವಿರ ಕಿಲೋಮೀಟರ್ ದೂರದಲ್ಲಿ ಅರವತ್ತು ದಾಟಿದ ಹೆಂಗಸು ನನ್ನ ಡ್ರಾಯರಿನಲ್ಲಿದ್ದ ವಸ್ತುವಿಗಾಗಿ ಸ್ಟೂಲು ಹತ್ತಿ ಇಳಿಯುತ್ತಿದ್ದರು. ಎರಡನೆಯ ವಾರ ಫೋನಿನಲ್ಲಿ ಸಿರಿಲ್ ಧ್ವನಿ ತೀರ ಸಣ್ಣದಾಗಿತ್ತು. “ಶೇಖರ್, ಅದರ ಬಣ್ಣ ಯಾವುದು? ನೆನಪು ಮಾಡ್ಲಿಕ್ಕೆ ಭಾರೀ ಪ್ರಯತ್ನ ಮಾಡ್ತಿದ್ದೇನೆ.”

“ನೀಲಿ,” ಎಂದೆ. ನನ್ನ ಮುಂದೆಯೇ ಇತ್ತಲ್ಲ. ಫೋನ್ ಇಟ್ಟವನು ಡಿಸ್ಕನ್ನು ಜೇಬಿಗೆ ಹಾಕಿಕೊಂಡು ನೇರ ಮಂಗಾಫಿಗೆ ಹೋದೆ.

ಹೇಳುವುದಕ್ಕೆ ಮೂರು ನಿಮಿಷವೂ ಹಿಡಿಯಲಿಲ್ಲ. ಸಿರಿಲ್ ಡಿಸ್ಕನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಬಯ್ಯುತ್ತಾರೆಂದು ಕಾದೆ. ಅವರು ಮೊದಲು ಮಾಡಿದ್ದು ಹೆಂಡತಿಗೆ ಫೋನ್. “ಲೀನಾ, ಇಳಿ. ಹುಡುಕುವುದು ಬೇಡ. ಸಿಕ್ಕಿತು.” ಆಮೇಲೆ ನನ್ನ ಕಡೆ ತಿರುಗಿದರು.

“ನನ್ನ ಅಮ್ಮನಿಗೆ ಮರೆವು ಶುರುವಾದದ್ದು ಹೀಗೆಯೇ. ಕೊಟ್ಟದ್ದು, ತಕ್ಕೊಂಡದ್ದು ಮೊದಲು ಹೋಯ್ತು. ಆಮೇಲೆ ನಮ್ಮ ಹೆಸರು ಹೋಯ್ತು. ಎರಡು ವಾರದಿಂದ ನಾನು ಸರಿ ನಿದ್ದೆ ಮಾಡ್ಲಿಲ್ಲ ಶೇಖರ್. ಮಗಳಿಗೂ ಹೇಳ್ಲಿಲ್ಲ.” ಮತ್ತೆ ಡಿಸ್ಕು ನೋಡಿ, “ನನ್ನ ತಲೆ ಸರಿ ಉಂಟು. ಸಾಕು ನನಗೆ. ಆದ್ರೆ ವಾಸಣ್ಣನಿಗೆ ನೀವೇ ಹೇಳ್ಬೇಕು,” ಎಂದರು.

ಒಂದು ಸಣ್ಣ ಸುಳ್ಳು ಒಬ್ಬ ಮನುಷ್ಯನನ್ನು ಅವನ ತಲೆಯ ಮೇಲೆಯೇ ಅನುಮಾನ ಪಡುವಂತೆ ಮಾಡಬಹುದೆಂದು ನನಗೆ ಗೊತ್ತಿರಲಿಲ್ಲ. ನಾನು ಅದನ್ನು ಬೋಲ್ಟಿನ ಹಾಗೆ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಅಲ್ಲಿಯೇ ಇರುತ್ತದೆಂದು ತಿಳಿದಿದ್ದೆ.

ವಾಸಣ್ಣನಿಗೂ ಹೇಳಿದೆ. ಡಿಸ್ಕು ಹೋದದ್ದಕ್ಕೆ ಅವನಿಗೆ ಸಿಟ್ಟು ಬರಲಿಲ್ಲ. “ಪ್ರತಿ ರಜೆಗೂ ಶಿರ್ವದ ಮೇಲೆಯೇ ಹೋಗ್ತಿದ್ದೆ,” ಎಂದ. “ಒಂದು ಸಲವೂ ಅವರ ಮನೆಯ ಮೆಟ್ಟಿಲು ಹತ್ತಲಿಲ್ಲ. ಕೇಳಿದ್ರೆ ಅವರಿಗೆ ಮುಜುಗರ, ಕೇಳದಿದ್ರೆ ನನಗೆ ಕಿರಿಕಿರಿ ಅಂತ. ಮಗಳ ಮದುವೆಗೆ ಕರೆದಿದ್ರು, ಹೋಗಲಿಲ್ಲ. ಅದನ್ನು ಯಾವ ಡಿಸ್ಕಿನಿಂದ ತೆಗೀತಿ ನೀನು?” ಮೂರು ವಾರ ಅವನು ನನ್ನ ಫೋನು ಎತ್ತಲಿಲ್ಲ. ನಾನು ಒಂದು ದಿನವೂ ಬಿಡದೆ ಮಾಡಿದೆ.

ಈ ನಡುವೆ ಕಥೆ ಕೇಳಿದ ನನ್ನ ಮಗಳು ಅನ್ವಿತಾ ಫೋನಿನಲ್ಲಿ ಅರ್ಧ ಗಂಟೆ ಏನೋ ಓದಿ ನನ್ನ ಕೋಣೆಗೆ ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷು.

“ಪಪ್ಪಾ, ಇಟ್ಸ್ ನಾಟ್ ಬ್ಲ್ಯಾಂಕ್. ಓನ್ಲಿ ದಿ ಇಂಡೆಕ್ಸ್ ಈಸ್ ಗಾನ್.”

“ಅಂದ್ರೆ?”

“ದ ಸೌಂಡ್ ಈಸ್ ಸ್ಟಿಲ್ ದೇರ್.”

ಮಿನಿಡಿಸ್ಕು ಮಾತನ್ನೆಲ್ಲ ಮೊದಲು ಬರೆದುಕೊಂಡು, ಎಲ್ಲಿ ಏನಿದೆ ಎಂಬ ಪರಿವಿಡಿಯನ್ನು ಕಟ್ಟಕಡೆಗೆ ಬರೆಯುತ್ತದಂತೆ. ನಾನು ಅದಕ್ಕೆ ಮೊದಲೇ ಬ್ಯಾಟರಿ ಕಿತ್ತಿದ್ದೆ. ಪರಿವಿಡಿ ಕಾಣದ ಯಂತ್ರ ಪುಸ್ತಕವೇ ಇಲ್ಲವೆಂದಿತು. ಮೂವತ್ತು ವರ್ಷದಿಂದ ರಿಜಿಸ್ಟರು ಬರೆಯುವ ನನಗೆ ಇದು ಹೊಳೆಯಬಾರದಿತ್ತೇ? ರಿಜಿಸ್ಟರು ಸುಟ್ಟುಹೋದರೂ ಬೋಲ್ಟುಗಳು ಕಪಾಟಿನಲ್ಲೇ ಇರುತ್ತವೆ.

ರಾಯ್ ಎಂಬಲ್ಲಿನ ಹಳೆಯ ಸಾಮಾನಿನ ಸಂತೆಯ ಹತ್ತಿರ ಯೂಸುಫ್ ಭಾಯಿ ಎಂಬ ಪೇಶಾವರದ ರಿಪೇರಿಯವರಿದ್ದಾರೆ. ಅವರ ಬಳಿ ಮಿನಿಡಿಸ್ಕು ನುಡಿಸುವ ದೊಡ್ಡ ಯಂತ್ರ, ಡೆಕ್ ಒಂದಿತ್ತು. ವಾಸಣ್ಣನಿಗೆ ಮೆಸೇಜು ಹಾಕಿದೆ: “ಡಿಸ್ಕಿನಲ್ಲಿ ನೀನು ಇರಬಹುದು. ಶುಕ್ರವಾರ ಹತ್ತು ಗಂಟೆ, ರಾಯ್.” ಅವನು ಬಂದ. ಸಿರಿಲ್ ಪೊರ್ಬುಲನ್ನೂ ಕರೆದುಕೊಂಡು ಬಂದಿದ್ದ. ಇಬ್ಬರೂ ಒಂದೇ ಟ್ಯಾಕ್ಸಿಯಿಂದ ಇಳಿದದ್ದನ್ನು ನೋಡಿ ನನಗೆ ಅರ್ಧ ಉಸಿರು ಬಂತು.

“ಮಶೀನ್ ಕೋ ಥೋಡಾ ಝೂಟ್ ಬೋಲ್ನಾ ಪಡೇಗಾ,” ಎಂದರು ಯೂಸುಫ್ ಭಾಯಿ. ಯಂತ್ರಕ್ಕೆ ಸ್ವಲ್ಪ ಸುಳ್ಳು ಹೇಳಬೇಕಂತೆ. ವಾಸಣ್ಣ ನನ್ನ ಕಡೆ ಬೊಟ್ಟು ಮಾಡಿ, “ಯೇ ಆದ್ಮಿ ಕೋ ಬೋಲೋ, ಎಕ್ಸ್‌ಪರ್ಟ್ ಹೈ,” ಎಂದ. ಮೂರು ವಾರದ ಬಳಿಕ ಅವನು ನನ್ನ ಬಗ್ಗೆ ಆಡಿದ ಮೊದಲ ಮಾತು ಅದು. ನನಗೆ ಸಂತೋಷವೇ ಆಯಿತು.

ಯೂಸುಫ್ ಭಾಯಿ ತುಂಬಿದ ಬೇರೆ ಡಿಸ್ಕೊಂದನ್ನು ಡೆಕ್ಕಿಗೆ ಹಾಕಿ ಅದರ ಪರಿವಿಡಿಯನ್ನು ಓದಿಸಿದರು. ಮುಚ್ಚಳ ಬಿಚ್ಚಿದ್ದ ಆ ಯಂತ್ರಕ್ಕೆ ಗೊತ್ತಾಗದಂತೆ ಅದನ್ನು ತೆಗೆದು ನನ್ನ ನೀಲಿ ಡಿಸ್ಕನ್ನು ಇಟ್ಟು, ಆ ಪರಿವಿಡಿಯನ್ನು ಇದರ ಮೇಲೆ ಬರೆಸಿದರು. ಎರಡು ಸಲ ಆಗಲಿಲ್ಲ. ಮೂರನೆಯ ಸಲ ಸ್ಪೀಕರಿನಲ್ಲಿ ಕುರ್ಚಿ ಎಳೆದ ಸದ್ದು ಬಂತು, ಯಾರೋ ಕೆಮ್ಮಿದರು, ಸಿರಿಲ್ ಪೊರ್ಬುಲ ಕೀಬೋರ್ಡು ಶುರುವಾಯಿತು. ಅವರು ಕಣ್ಣು ಮುಚ್ಚಿ ಬೆರಳಾಡಿಸತೊಡಗಿದರು. ಆಮೇಲೆ ವಾಸಣ್ಣನ ಪ್ರವೇಶ. ಅವನು ಬಾಯಿ ತೆರೆದ ಕೂಡಲೆ ಒಂದು ಭಯಂಕರ ಸದ್ದು, ಕುದುರೆ ಕೆನೆದಂತೆ.

ಅದು ನನ್ನ ನಗು. ಯಂತ್ರ ನನ್ನ ಜೇಬಿನಲ್ಲಿತ್ತಲ್ಲ. ವಾಸಣ್ಣ ಅರ್ಧ ಮಾತು ಆಡುವಷ್ಟರಲ್ಲಿ ನಾನು ಕೆನೆಯುತ್ತಿದ್ದೆ, ನಗು ಇಳಿಯುವಷ್ಟರಲ್ಲಿ ಅವನು ಇನ್ನೊಂದು ಮಾತು ಶುರು ಮಾಡುತ್ತಿದ್ದ. ಎಪ್ಪತ್ತು ನಿಮಿಷದಲ್ಲಿ ಪೂರ್ತಿ ಕೇಳಿಸಿದ ಮಾತು ಒಂದೂ ಇಲ್ಲ. ಯೂಸುಫ್ ಭಾಯಿಗೆ ತುಳುವಿನ ಗಂಧವಿಲ್ಲ. ಅವರು ನನ್ನ ನಗು ಕೇಳಿ ಕಣ್ಣೊರೆಸಿಕೊಂಡರು.

ಮುಗಿದ ಮೇಲೆ ವಾಸಣ್ಣ ನನ್ನ ಕಡೆ ತಿರುಗಿ, “ಇಷ್ಟು ನಗಾಡಿದ್ಯಾ ನೀನು?” ಎಂದ.

ಈಗ ನಾಟಕದ ಅಭ್ಯಾಸ ನಡೆಯುತ್ತಿದೆ. ವಾಸಣ್ಣ ಮಾತುಗಳನ್ನು ಹೊಸದಾಗಿ ಕಟ್ಟುತ್ತಿದ್ದಾನೆ, ನಾನು ಎದುರು ಕೂತಿರಬೇಕೆಂದು ಅವನ ಅಪ್ಪಣೆ. ನಗಬೇಕೆಂದು ಕೂತರೆ ನಗು ಬರುವುದಿಲ್ಲ ಎಂಬುದನ್ನು ಮೊದಲ ವಾರ ಕಲಿತೆ. ಹೋದ ಶುಕ್ರವಾರ ಅವನು ಹುಡುಗಿಯ ಅಪ್ಪನಿಗೆ ವರನ ಗುಣಗಾನ ಮಾಡುತ್ತ ಏನೋ ಒಂದು ಅಂದ, ನಾನು ಕುರ್ಚಿಯಿಂದ ಜಾರುವಷ್ಟು ನಕ್ಕೆ. ಅವನು ಅಲ್ಲಿಯೇ ನಿಂತ.

“ಇದೇ ಅಲ್ವಾ ಅವತ್ತಿನ ಡೈಲಾಗು?”

ಹೌದು ಎನ್ನುವುದು ಎಷ್ಟು ಸುಲಭವಿತ್ತು! ಅವನ ಮುಖದಲ್ಲಿ ಅಷ್ಟು ಆಸೆಯಿತ್ತು.

“ಗೊತ್ತಿಲ್ಲ ಮಾರಾಯ,” ಎಂದೆ. “ಆದ್ರೆ ನಗು ಬಂತು.”

“ಸಾಕು,” ಎಂದು ವಾಸಣ್ಣ ಮುಂದಿನ ಮಾತಿಗೆ ಹೋದ.