ಬಾಯಮ್ಮನ ತೊಂಡೆ ಬೇರು

ಬಾಯಮ್ಮನ ಎಡಗೆನ್ನೆಯ ಮೇಲೆ ಮಾರ್ಚಿನಿಂದ ಮೇ ತಿಂಗಳವರೆಗೆ ಒಂದು ಮಣ್ಣಿನ ಗೆರೆ ಇದ್ದೇ ಇರುತ್ತಿತ್ತು. ತೋರುಬೆರಳನ್ನು ಎರಡು ಗೆಣ್ಣು ನೆಲಕ್ಕೆ ಇಳಿಸಿ, ಕಿತ್ತು, ಕೆನ್ನೆಗೆ ಒತ್ತಿಕೊಂಡು ಮಣ್ಣಿನ ಚಳಿ ನೋಡುವುದು ಅವರ ಪದ್ಧತಿ. ಅದೇ ಗೆರೆ ಇಟ್ಟುಕೊಂಡು ಭಾನುವಾರ ಚರ್ಚಿಗೂ ಹೋಗಿಬರುತ್ತಿದ್ದರು. ಒರೆಸಿಕೊಳ್ಳಿ ಎಂದರೆ, "ದೇವರಿಗೆ ಮಣ್ಣು ಹೊಸತಾ ಮಾರಾಯ್ರೆ? ಮನುಷ್ಯನನ್ನು ಮಾಡಿದ್ದೇ ಅದರಲ್ಲಿ," ಎನ್ನುತ್ತಿದ್ದರು.

ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ ನನ್ನ ಮಗಳ ಮನೆಯೊಂದಿಗೆ ಗೋಡೆ ಹಂಚಿಕೊಂಡ ಮನೆ ಅವರದು. ಮಂಗಳೂರು ಕಡೆಯ ಕ್ರೈಸ್ತರು. ಅಳಿಯನೂ ಆ ಕಡೆಯವನಾದ್ದರಿಂದ ಬಾಯಮ್ಮ ಎನ್ನುತ್ತಿದ್ದ, ನಾನೂ ಹಾಗೇ ಕರೆದೆ. ನಾನು ಮಂಡ್ಯದವಳು. ಬಾಣಂತನಕ್ಕೆ ಬಂದು ಉಳಿದುಬಿಟ್ಟವಳು. ಹಗಲೆಲ್ಲ ಬೀದಿಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಊರಿಗೆ ಫೋನ್ ಮಾಡುವಾಗ ಕಾಲಿಂಗ್ ಕಾರ್ಡಿನ ಉದ್ದದ ನಂಬರು ಒತ್ತಿಕೊಡುತ್ತಿದ್ದವರು ಬಾಯಮ್ಮ. ಕನ್ನಡದಲ್ಲಿ ಜಗಳಕ್ಕೆ ಸಿಗುತ್ತಿದ್ದವರೂ ಅವರೊಬ್ಬರೇ.

ಅವರ ಹಿತ್ತಲಲ್ಲಿ ಒಂದು ತೊಂಡೆ ಬಳ್ಳಿ ಇತ್ತು. ಗಂಡ ಬದುಕಿದ್ದಾಗ ನೆಟ್ಟದ್ದು. ಈ ದೇಶದ ಹಿಮ ಅದಕ್ಕೆ ಆಗದು. ಚಳಿಗೆ ಮುಂಚೆ ಬಳ್ಳಿ ಕತ್ತರಿಸಿ, ಗೆಡ್ಡೆಯಂಥ ಬೇರನ್ನು ಅಗೆದು, ಬಕೆಟ್ಟಿನ ಮಣ್ಣಿನಲ್ಲಿ ಹೂತು, ಬೇಸ್‌ಮೆಂಟಿನಲ್ಲಿ ಬಿಸಿನೀರಿನ ಟ್ಯಾಂಕಿನ ಪಕ್ಕ ಇಡುತ್ತಿದ್ದರು. ಹನ್ನೊಂದು ಚಳಿಗಾಲ ಹಾಗೆ ದಾಟಿಸಿದ್ದರು. ಕೇಳಿದವರಿಗೆಲ್ಲ ಕಡ್ಡಿ ಕೊಟ್ಟಿದ್ದರು. ಒಬ್ಬರೂ ಒಂದು ಚಳಿಗಾಲ ದಾಟಿಸಲಿಲ್ಲ. ಎಳೆ ತೊಂಡೆಕಾಯಿ ತಿನ್ನಬೇಕಾದರೆ ಬಾಯಮ್ಮನ ಬಾಗಿಲಿಗೇ ಬರಬೇಕಿತ್ತು.

ನೆಡುವ ದಿನದ ಬಗ್ಗೆ ವರ್ಷಾ ವರ್ಷಾ ನಮಗೆ ವಾದ. ನನಗೆ ಅಡುಗೆಮನೆ ಗೋಡೆಯ ಪಂಚಾಂಗದ ಕ್ಯಾಲೆಂಡರೇ ಪ್ರಮಾಣ.

"ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ ಕಣಮ್ಮ. ನಿಮ್ಮ ಕೆನ್ನೆ ಏನು ಪಂಚಾಂಗಕ್ಕಿಂತ ಹೆಚ್ಚಾ?"

"ನಿಮ್ಮ ಭರಣಿಗೆ ವೀಸಾ ಸಿಗ್ಲಿಲ್ಲ ಕಾಣ್ತದೆ," ಎನ್ನುತ್ತಿದ್ದರು.

ಆ ವರ್ಷ ವಸಂತ ಬರಲೇ ಇಲ್ಲ. ಏಪ್ರಿಲ್ ಅರ್ಧ ಕಳೆದರೂ ಮರಗಳು ಪೊರಕೆ ನೆಟ್ಟ ಹಾಗೆ ನಿಂತಿದ್ದವು. ಅದೇ ಹೊತ್ತಿಗೆ ಬಾಯಮ್ಮನ ಹೊಟ್ಟೆಯಲ್ಲಿ ಗಡ್ಡೆ ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಬಕೆಟ್ಟನ್ನು ತಾವೇ ಹೊತ್ತು ತಂದು ನಮ್ಮ ಬೇಸ್‌ಮೆಂಟಿನಲ್ಲಿಟ್ಟರು.

"ನಾನು ಹೇಳುವವರೆಗೆ ನೆಡ್ಬೇಡಿ. ವಾರಕ್ಕೆ ಒಂದು ಲೋಟ ನೀರು, ಅಷ್ಟೇ." ಮೆಟ್ಟಿಲು ಹತ್ತುತ್ತಾ ನಿಂತು, "ಅವರು ಕೈಯಾರೆ ನೆಟ್ಟದ್ದು ಇದೊಂದೇ ಉಳಿದದ್ದು," ಎಂದರು. ಗಂಡನ ವಿಷಯ ಅವರು ಎತ್ತಿದ್ದು ನಾನು ಕೇಳಿದ್ದು ಅದೊಂದೇ ಸಲ.

ಏಪ್ರಿಲ್ ಕೊನೆಗೆ ಕ್ಯಾಲೆಂಡರಿನಲ್ಲಿ ಭರಣಿ ಬಂತು. ಅದಕ್ಕೆ ಸರಿಯಾಗಿ ಎರಡು ದಿನ ಬಿಸಿಲೂ ಬಂತು. ಅವರು ಮನೆಗೆ ಬರುವಷ್ಟರಲ್ಲಿ ಬಳ್ಳಿ ಕಂಬ ಹಿಡಿದಿರಲಿ ಎಂದುಕೊಂಡೆ. ಅದರಲ್ಲಿ ಪ್ರೀತಿಯೂ ಇತ್ತು, ವಾದ ಗೆಲ್ಲುವ ಆಸೆಯೂ ಇತ್ತು; ಎರಡನೆಯದೇ ಹೆಚ್ಚು. ಅವರ ಹಿತ್ತಲಲ್ಲಿ ಗುಂಡಿ ತೆಗೆದು ನೆಟ್ಟು, ಒಂದು ಬಕೆಟ್ಟು ನೀರೂ ಹೊಯ್ದೆ. ಮೂರನೆಯ ಬೆಳಿಗ್ಗೆ ಎದ್ದರೆ ಹುಲ್ಲೆಲ್ಲ ಬಿಳಿ, ಕಾಲಿಟ್ಟರೆ ಕರಕರ ಎನ್ನುತ್ತಿತ್ತು. ಆಮೇಲೆ ಒಂದು ವಾರ ಬಿಡದೆ ತಣ್ಣನೆಯ ಮಳೆ. ಮಳೆ ಕೊಂಚ ತಗ್ಗಿದ ದಿನ ಅಗೆದು ನೋಡಿದೆ. ಬೇರು ಬೆಂದ ಗೆಣಸಿನ ಹಾಗೆ ಬೆರಳಿಗೆ ಮೆತ್ತಿಕೊಂಡಿತು.

ಮಾರನೆಯ ದಿನ ಆಸ್ಪತ್ರೆಗೆ ಹೋಗುವಾಗ ಮಗಳು ಕಾರಿನಲ್ಲೇ ಹೇಳಿಕೊಟ್ಟಳು: "ಅಮ್ಮಾ, ಅಲ್ಲಿ ಇದನ್ನೆಲ್ಲ ಹೇಳ್ಬೇಡ. ಆಂಟಿಗೆ ಸ್ಟ್ರೆಸ್ ಆಗತ್ತೆ. ಚೆನ್ನಾಗಿದೆ ಅಂದ್ಬಿಡು, ಸಾಕು."

ಬಾಯಮ್ಮ ಕೇಳಿದ ಮೊದಲ ಮಾತೇ, "ಬೇರು ಹೇಗುಂಟು?"

"ಚಿಗುರಿದೆ," ಎಂದೆ. "ಮೂರು ಚಿಗುರು."

ಅವರು ಕಿಟಕಿಯ ಕಡೆ ನೋಡಿದರು. ಹೊರಗೆ ಇನ್ನೂ ಹನಿಯುತ್ತಿತ್ತು. "ಆ ಕತ್ತಲೆಯಲ್ಲಿ ಇಷ್ಟು ಬೇಗ ಮೂರು ಬರುವುದಿಲ್ಲ. ನೆಟ್ಟಿರಾ?"

"ನೆಟ್ಟೆ."

"ಭರಣಿಗಾ?"

"ಹೂಂ."

"ಕೊಳೆಯಿತಾ?"

ಹೌದೆಂದು ತಲೆಯಾಡಿಸಿದೆ.

"ನಿಮಗೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ. ಇನ್ನು ಹೇಳ್ಬೇಡಿ," ಎಂದು ಗೋಡೆಯ ಕಡೆ ಹೊರಳಿದರು. ಬೈದಿದ್ದರೆ ನಾನೂ ಒಂದು ಮಾತಾಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ.

ಆಮೇಲೆ ಎರಡು ಸಲ ಹೋದೆ. ಮೊಮ್ಮಗಳ ಹಾಲುಹಲ್ಲು ಎಷ್ಟು ಬಿದ್ದವು, ನನ್ನ ಮಂಡಿನೋವು ಹೇಗಿದೆ ಎಂದೆಲ್ಲ ವಿಚಾರಿಸಿದರು. ಬಳ್ಳಿಯ ಮಾತು ಎತ್ತಲಿಲ್ಲ. ನನಗೂ ಎತ್ತುವ ಧೈರ್ಯ ಬರಲಿಲ್ಲ.

ಮೇ ಮೂರನೆಯ ವಾರ ಅವರು ತೀರಿಕೊಂಡರು. ಅವತ್ತು ಬೀದಿಯ ಜನವೆಲ್ಲ ಅಂಗಳದಲ್ಲಿ ಮಂಡಿಯೂರಿ ಟೊಮೇಟೊ ಸಸಿ ನೆಡುತ್ತಿದ್ದರು. ಕಾದೂ ಕಾದೂ ಬೆಚ್ಚಗಾಗಿತ್ತಲ್ಲ, ಯಾರಿಗೂ ತಲೆ ಎತ್ತಲು ಪುರುಸೊತ್ತಿರಲಿಲ್ಲ.

ಈಗಲೂ ನಮ್ಮವರು ಎಲ್ಲಾದರೂ ಸೇರಿ ಊಟಕ್ಕೆ ಕೂತಾಗ ತೊಂಡೆಕಾಯಿಯ ಮಾತು ಬರುತ್ತದೆ. "ಪಾಪ, ಆಂಟಿ ಜೊತೇಲೇ ಬಳ್ಳೀನೂ ಹೋಗ್ಬಿಡ್ತು ನೋಡಿ," ಎನ್ನುತ್ತಾರೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಬಳ್ಳಿ ಅವರ ಜೊತೆ ಹೋಗಲಿಲ್ಲ. ಮೊದಲೇ ಹೋಯಿತು, ಕೊಂದವಳು ನಾನು. ಅದು ಗೊತ್ತಾದ ಮೇಲೆ ಬಾಯಮ್ಮ ಇನ್ನೂ ಹನ್ನೆರಡು ದಿನ ಬದುಕಿದ್ದರು.