ಸಲ್ಬಿಯಾ ಟೀಚರ ಅಭಿನಯ

ಮಲೇಷ್ಯಾದ ಕೆಲಂತಾನ್ ರಾಜ್ಯದ ಒಂದು ಪ್ರೌಢಶಾಲೆಯ ಮಕ್ಕಳಿಗೆ ಇಂಗ್ಲಿಷ್ ಪದ್ಯವೆಂದರೆ ಕಬ್ಬಿಣದ ಕಡಲೆ. ಅದಕ್ಕೇ ಸಲ್ಬಿಯಾ ಟೀಚರು ಒಂದೊಂದು ಪದವನ್ನೂ ಅಭಿನಯಿಸಿ ತೋರಿಸುತ್ತಿದ್ದರು. ವಿಧವೆಯೊಬ್ಬಳು ಗೋಳಾಡುವ ಪದ್ಯ ಬಂದಾಗಲಂತೂ ಎದೆ ಬಡಿದುಕೊಂಡು ಮೇಜಿನ ಮೇಲೆ ಹೊರಳಾಡುವರು. ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಗುವರು; ಪದ ಮಾತ್ರ ಮರೆಯುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ದೋಣಿ ಮಗುಚಿ ಟೀಚರ ಗಂಡ ತೀರಿಕೊಂಡರು. ಟೀಚರು ಶಾಲೆಗೆ ಮರಳಿದಾಗ ಪಾಠ ಅದೇ ಪದ್ಯಕ್ಕೆ ಬಂದಿತ್ತು.

"ಟೀಚರ್, ಇದನ್ನ ಮಾಡಿ ತೋರ್ಸಿ! ನಮ್ಮಕ್ಕ ನಕ್ಕೂ ನಕ್ಕೂ ಸುಸ್ತಾಗಿದ್ಲಂತೆ," ಎಂದಳು ಹೊಸದಾಗಿ ಸೇರಿದ್ದ ಹುಡುಗಿ ವರ್ದಿನಾ.

ಪಕ್ಕದವಳು ಚಿವುಟಿದಳು. "ಸುಮ್ನಿರೇ! ಅವರ ಯಜಮಾನ್ರು ಹೋಗ್ಬಿಟ್ಟಿದಾರೆ."

ಟೀಚರು ರೂಢಿಯಂತೆ ಕೈಯನ್ನು ಎದೆಯವರೆಗೆ ಎತ್ತಿದರು, ಅಲ್ಲೇ ನಿಲ್ಲಿಸಿದರು. ಸುದ್ದಿ ಬಂದ ದಿನ ತಾವು ಎದೆ ಬಡಿದುಕೊಂಡಿರಲೇ ಇಲ್ಲ. ಅನ್ನದ ಪಾತ್ರೆ ಇಳಿಸಿ, ಒಲೆ ಆರಿಸಿ, ಅಡುಗೆಮನೆಯಲ್ಲೇ ಸುಮ್ಮನೆ ಕುಳಿತಿದ್ದರು. ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ ಅರ್ಥವೇ ಸುಳ್ಳಾಗಿತ್ತು.

"ಬರ್ಕೊಳ್ಳಿ," ಎಂದು ಬೋರ್ಡಿನ ಮೇಲೆ ಪದಗಳಿಗೆ ಮಲಯ್ ಭಾಷೆಯಲ್ಲಿ ಅರ್ಥ ಬರೆದರು.

ಮತ್ತೆಂದೂ ಅವರು ಅಭಿನಯಿಸಲಿಲ್ಲ. ಮಕ್ಕಳು ಸದ್ದಿಲ್ಲದೆ ಬರೆದುಕೊಂಡು ಬಾಯಿಪಾಠ ಮಾಡಿದರು. ಫಲಿತಾಂಶವೇನೂ ಇಳಿಯಲಿಲ್ಲ. ತರಗತಿಯಲ್ಲಿ ಈಗ ಶಿಸ್ತು ಬಂದಿದೆ ಎಂದು ಮುಖ್ಯೋಪಾಧ್ಯಾಯರು ಹೊಗಳಿದರು.