ಯಾವ ಟವರ್?

ಅಣ್ಣನಿಗೆ ದಮ್ಮು ಹಳೆಯದು. ರೈಲ್ವೆಯಿಂದ ನಿವೃತ್ತನಾಗಿ ಮಲ್ಕಾಜ್‌ಗಿರಿಯಲ್ಲೇ ಉಳಿದವನು, ಮನೆಯಲ್ಲಿ ಸುಮ್ಮನೆ ಕೂರಲಾರದೆ ಹೈಟೆಕ್ ಸಿಟಿ ಕಡೆಯ ಗಾಜಿನ ಕಟ್ಟಡವೊಂದರಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದ. ಬಂಡೆ ಸಿಡಿಸಿದಲ್ಲೆಲ್ಲ ಸಾಫ್ಟ್‌ವೇರ್ ಕಚೇರಿ ಏಳುತ್ತಿದ್ದ ಕಾಲ ಅದು. ಒಂದು ಬೇಸಿಗೆಯಲ್ಲಿ ಅವನಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯ ಮಾಮೂಲಿ ಇಂಜೆಕ್ಷನ್ನುಗಳಿಗೆ ಜ್ವರ ಜಗ್ಗಲಿಲ್ಲ. ಉಳಿಯುತ್ತಾನೋ ಇಲ್ಲವೋ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ನನಗೆ ಎಲ್ಲದರ ಮೇಲೂ ಗುಮಾನಿ: ಕಿಟಕಿಯ ಪಾರಿವಾಳ, ಕ್ಯಾಂಟೀನಿನ ನೀರು, ಪಕ್ಕದ ಮಂಚದವನ ಕೆಮ್ಮು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಅಣ್ಣನ ಬಳಿ ಕೂರುತ್ತಿದ್ದೆ.

"ದರೋಡಿಗೆ ಬಂದವ್ರಂಗ ಕಾಣ್ತೀರಿ, ಬಿಚ್ಚರಿ ಅದನ್ನ," ಎಂದು ಅಣ್ಣನ ಹೆಂಡತಿ, ನಮ್ಮ ವೈನಿ, ಗದರಿದರು.

ರೌಂಡ್ಸಿಗೆ ಬಂದ ಡಾಕ್ಟರು, ಇವರು ದಿನಾ ಕೂರುವ ಜಾಗದ ಹತ್ತಿರ ಟವರ್ ಏನಾದರೂ ಇದೆಯೇ ಎಂದು ತೆಲುಗಿನಲ್ಲಿ ಕೇಳಿದರು. ಟವರ್ ಎಂಬುದರ ಹಿಂದಿನ ಪದ ನನ್ನ ಕಿವಿಗೆ ಬೀಳಲೇ ಇಲ್ಲ. "ಉಂದಿ ಸಾರ್!" ಎಂದೆ. ಅಣ್ಣನ ಎದುರುಮನೆಯ ಮಾಳಿಗೆಯ ಮೇಲೆ ಮೊಬೈಲ್ ಟವರ್ ಇತ್ತು. ಅದರ ಮೇಲೆ ನನಗೆ ಮೊದಲಿಂದಲೂ ಸಂಶಯ. ಡಾಕ್ಟರು ಅಣ್ಣನ ಮೂತ್ರವನ್ನು ಪರೀಕ್ಷೆಗೆ ಕಳಿಸಿದರು. ನಾನು ಎದುರುಮನೆಯವನ ಜೊತೆ ಜಗಳಕ್ಕೆ ಹೋದೆ.

ಮರುದಿನ ಆ ಮನುಷ್ಯನ ಉದ್ಧಟತನವನ್ನು ವರದಿ ಮಾಡಿದಾಗ ಡಾಕ್ಟರು ನನ್ನನ್ನೇ ದಿಟ್ಟಿಸಿದರು. ಅವರು ಕೇಳಿದ್ದು ಕೂಲಿಂಗ್ ಟವರ್! ದೊಡ್ಡ ಕಟ್ಟಡಗಳ ಎಸಿಗಾಗಿ ನೀರು ಸುರಿದು ತಣಿಸುವ ಯಂತ್ರ. ಅದನ್ನು ಸರಿಯಾಗಿ ತೊಳೆಯದಿದ್ದರೆ ಒಂದು ಬ್ಯಾಕ್ಟೀರಿಯಾ ಬೆಳೆದು, ಮಂಜಿನಂಥ ಹನಿಯಲ್ಲಿ ಎದೆಗೆ ಇಳಿಯುತ್ತದಂತೆ.

ವೈನಿ ಗಂಡನತ್ತ ತಿರುಗಿದರು. "ಆಫೀಸಿನ ಮಾಳಿಗಿ ಮ್ಯಾಲ ಡಬ್ಬಿ ಬಿಚ್ಚಿ ಉಣ್ತಿದ್ರಲ್ಲ, ಅಲ್ಲೇನೈತ್ರಿ?"

ಅಣ್ಣ ಆಕ್ಸಿಜನ್ ಮಾಸ್ಕ್ ಸರಿಸಿದ. "ಆ ಮಿಷಿನ್ ಬಾಜೂಕ ಭಾಳ ತಂಪ ಐತಿ. ಸಣ್ಣ ಹನಿ ಬೀಳ್ತಾವ... ದಮ್ಮಿಗೆ ಆರಾಮ ಅನಸ್ತಿತ್ತು."

ಪರೀಕ್ಷೆಯ ಫಲಿತಾಂಶವೂ ಅದನ್ನೇ ಹೇಳಿತು: ಲೀಜನೇರ್ಸ್ ಕಾಯಿಲೆ. ಔಷಧಿ ಬದಲಾಯಿತು. ಅಷ್ಟು ಜನರಿರುವ ಕಟ್ಟಡದಲ್ಲಿ ಅಣ್ಣನಿಗೇ ಏಕೆ ಎಂದೆ. ವರ್ಷಗಟ್ಟಲೆ ದಮ್ಮು ಇರುವವರ ಎದೆಗೆ ಒಳಬಂದ ಕೊಳೆಯನ್ನು ಹೊರದೂಡುವ ಶಕ್ತಿ ಕಡಿಮೆ, ಇಂಥವರಿಗೇ ಬೇಗ ತಗಲುತ್ತದೆ ಎಂದರು ಡಾಕ್ಟರು. ಒಬ್ಬರಿಂದೊಬ್ಬರಿಗೆ ಮಾತ್ರ ಅಂಟುವುದಿಲ್ಲ, ಎನ್ನುತ್ತ ನನ್ನ ಕರವಸ್ತ್ರ ನೋಡಿದರು. ನಾನು ಅದನ್ನು ಬಿಚ್ಚಿ ಬೆವರು ಒರೆಸಿಕೊಂಡೆ.

ಕಟ್ಟಡದ ಮ್ಯಾನೇಜರಿಗೆ ಫೋನ್ ಮಾಡಿದರೆ, ನಾನು ಕೇಳುವ ಮೊದಲೇ "ನಮ್ಮ ನೀರು ಸ್ವಚ್ಛ ಇದೆ" ಎಂದ. ನೀರಿನ ವಿಷಯ ನಾನಿನ್ನೂ ಎತ್ತಿರಲೇ ಇಲ್ಲ.

ನಿಧಾನವಾಗಿ ಜ್ವರ ಇಳಿಯಿತು. ಅಣ್ಣ ಮನೆಗೆ ಬಂದ. ಉಸಿರು ಮಾತ್ರ ಮೊದಲಿನಷ್ಟೂ ಉಳಿದಿರಲಿಲ್ಲ. ಅವನು ಬರುವ ಮೊದಲೇ ನಾನು ಕೂಲರಿನ ನೀರು ಚೆಲ್ಲಿ, ಶವರ್ ಬಿಚ್ಚಿಟ್ಟು, ಹೂಕುಂಡಗಳಿಗೆ ನೀರು ಚಿಮುಕಿಸಬಾರದೆಂದು ವೈನಿಗೆ ತಾಕೀತು ಮಾಡಿದ್ದೆ. ಸೆಕೆಗೆ ಬನಿಯನ್ ತೊಯ್ದು ಕೂತಿದ್ದ ಅಣ್ಣ ಖಾಲಿ ಕೂಲರಿನೊಳಗೆ ಬಗ್ಗಿ ನೋಡಿದ.

"ತಮ್ಮಾ, ನನ್ನ ಉಳಸಾಕತ್ತೀಯೋ, ಒಣಗಸಾಕತ್ತೀಯೋ?"